ಬಂಡೆಯೊಳಗಿನ ಸಭೆ: ಹೆಲ್ಸಿಂಕಿಯ ತೆಂಪೆಲಿಯೌಕಿಯೊ ಚರ್ಚು ಮತ್ತು ಅದರ ಎರಡು ಬದುಕುಗಳು

ಆರಾಧನಾ ನೆಲೆಗಳ ಅಧ್ಯಯನದಲ್ಲಿ ಒಂದು ಬಗೆಯ ಕೆಲಸದ ಹಂಚಿಕೆ ರೂಢಿಯಾಗಿಬಿಟ್ಟಿದೆ. ಕಟ್ಟಡ ಹಳೆಯದಾದರೆ ಅದರ ಸ್ಥಳಪುರಾಣ, ಐತಿಹ್ಯ, ಹರಕೆ, ಜಾತ್ರೆಗಳನ್ನು ಜಾನಪದ ವಿದ್ವಾಂಸರು ಸಂಗ್ರಹಿಸುತ್ತಾರೆ. ಕಟ್ಟಡ ಆಧುನಿಕವಾದರೆ ಅದನ್ನು ವಾಸ್ತುಶಿಲ್ಪದ ಇತಿಹಾಸಕಾರರಿಗೆ ಬಿಟ್ಟುಕೊಡಲಾಗುತ್ತದೆ. ಕಾಂಕ್ರೀಟು, ತಾಮ್ರ ಮತ್ತು ಗಾಜಿನ ಕಟ್ಟಡಕ್ಕೆ ಐತಿಹ್ಯವಿರುವುದಿಲ್ಲ, ಅದಕ್ಕೆ ವಾಸ್ತುಶಿಲ್ಪಿಯ ಹೆಸರು ಮತ್ತು ಪೂರ್ಣಗೊಂಡ ವರ್ಷ ಮಾತ್ರ ಇರುತ್ತದೆ ಎಂಬ ನಂಬಿಕೆ ಈ ಹಂಚಿಕೆಯ ಹಿಂದಿದೆ. ಈ ನಂಬಿಕೆ ಎಷ್ಟು ದುರ್ಬಲವಾದುದು ಎಂಬುದನ್ನು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿರುವ ಒಂದು ಲೂಥರನ್ ಚರ್ಚು ತೋರಿಸಿಕೊಡುತ್ತದೆ. ನಗರದ ಟೋಲೊ ಬಡಾವಣೆಯಲ್ಲಿ ಗಟ್ಟಿ ಬಂಡೆಯನ್ನು ಕೊರೆದು ನಿರ್ಮಿಸಿದ ಈ ಕಟ್ಟಡದ ಹೆಸರು ತೆಂಪೆಲಿಯೌಕಿಯೊ ಚರ್ಚು. 1969ರಲ್ಲಿ ಆರಾಧನೆಗೆ ತೆರೆದುಕೊಂಡ ಇದು 20ನೆಯ ಶತಮಾನದ ಆಧುನಿಕ ಚರ್ಚು ನಿರ್ಮಾಣದ ಅತ್ಯಂತ ಪರಿಚಿತ ಮಾದರಿಗಳಲ್ಲಿ ಒಂದೆಂದು ಹೆಸರಾಗಿದೆ.

ಈ ಚರ್ಚಿನ ಬಗೆಗಿನ ಪ್ರಚಲಿತ ಬರಹಗಳು ಬಹುಮಟ್ಟಿಗೆ ಒಂದೇ ಸ್ವರದಲ್ಲಿವೆ. ಪ್ರಕೃತಿಯೂ ಮನುಷ್ಯನ ಕೌಶಲವೂ ಇಲ್ಲಿ ಒಂದಾಗಿವೆ, ಆದಿಮ ಶಿಲೆಯ ಮೌನ ಇಲ್ಲಿ ಆರಾಧನೆಯಾಗಿದೆ ಎಂಬುದು ಆ ಸ್ವರ. ಈ ಮೆಚ್ಚುಗೆ ಸುಳ್ಳಲ್ಲವಾದರೂ ಅಪೂರ್ಣವಾದುದು. ಅದು ಬಂಡೆಯನ್ನು ನೋಡುತ್ತದೆಯೇ ಹೊರತು ಅಲ್ಲಿ ಕೂಡುವ ಸಭೆಯನ್ನು ನೋಡುವುದಿಲ್ಲ. ಮೌನವನ್ನು ಕೊಂಡಾಡುತ್ತದೆಯೇ ಹೊರತು ಧ್ವನಿಗಾಗಿ ಆ ಗೋಡೆ ಹಾಗೆ ಉಳಿಯಿತು ಎಂಬುದನ್ನು ಮರೆಯುತ್ತದೆ. ಸಾಮರಸ್ಯವನ್ನು ಹೇಳುತ್ತದೆಯೇ ಹೊರತು ಅದರ ಹುಟ್ಟಿನಲ್ಲಿದ್ದ ಜಗಳವನ್ನು ಹೇಳುವುದಿಲ್ಲ. ಕಟ್ಟಡದ ಅರ್ಥವು ಅದರ ಸುತ್ತ ಬೆಳೆದ ಮಾತು, ಹಾಡು ಮತ್ತು ವಿರೋಧಗಳಲ್ಲಿಯೂ ಇದೆ ಎಂಬುದನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫಿನ್ಲೆಂಡ್ ಕನ್ನಡದ ಜಾನಪದ ವಿದ್ವತ್ತಿಗೆ ಅಪರಿಚಿತ ನಾಡಲ್ಲ. ಕಥೆಗಳ ಪಾಠಾಂತರಗಳನ್ನು ಹೋಲಿಸಿ ಮೂಲವನ್ನು ಅರಸುವ ಐತಿಹಾಸಿಕ-ಭೌಗೋಳಿಕ ವಿಧಾನವು ಫಿನ್ನಿಶ್ ಪಂಥವೆಂದೇ ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಗಳಲ್ಲಿ ಪರಿಚಿತವಾಗಿದೆ. ಅದಕ್ಕಿಂತ ಹತ್ತಿರದ ನಂಟು ಲೌರಿ ಹೊಂಕೊ ಅವರದು. ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನೇಲಿ ಹೊಂಕೊ ಅವರೊಡನೆ ಸೇರಿ, ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ತುಳು ಸಿರಿ ಮಹಾಕಾವ್ಯವನ್ನು ಅವರು 1998ರಲ್ಲಿ ಪ್ರಕಟಿಸಿದರು. ಜನಪದ ಪರಂಪರೆಗೆ ಮೊದಲ ಬದುಕು ಮತ್ತು ಎರಡನೆಯ ಬದುಕು ಎಂಬ ಎರಡು ಅವಸ್ಥೆಗಳಿವೆ ಎಂಬ ವಿಚಾರವನ್ನು ಬೆಳೆಸಿದವರೂ ಹೊಂಕೊ ಅವರೇ. ಸಮುದಾಯದೊಳಗೆ ಸಹಜವಾಗಿ ನಡೆಯುವ ಬಳಕೆ ಮೊದಲನೆಯದು. ದಾಖಲೆಯಾದ ಮೇಲೆ ಪುಸ್ತಕ, ವೇದಿಕೆ, ಉತ್ಸವ, ಪ್ರವಾಸೋದ್ಯಮಗಳಲ್ಲಿ ಅದು ಪಡೆಯುವ ಮರುಬಳಕೆ ಎರಡನೆಯದು. ಹೊಂಕೊ ಅವರ ಸ್ವಂತ ನಾಡಿನ ಈ ಚರ್ಚನ್ನು ಅರ್ಥ ಮಾಡಿಕೊಳ್ಳಲು ಈ ಪರಿಕಲ್ಪನೆ ಒಳ್ಳೆಯ ಉಪಕರಣವಾಗಿದೆ.

ಹೆಸರು ಮೊದಲು, ಗುಡಿ ಆಮೇಲೆ

ತೆಂಪೆಲಿ ಎಂದರೆ ದೇವಾಲಯ, ಔಕಿಯೊ ಎಂದರೆ ಬಯಲು ಅಥವಾ ಚೌಕ. ಟೋಲೊ ಬಡಾವಣೆಯ ನಕ್ಷೆ ಸಿದ್ಧವಾದ 20ನೆಯ ಶತಮಾನದ ಆದಿಯಲ್ಲಿಯೇ ಬೀದಿಗಳ ನಡುವೆ ಎದ್ದು ನಿಂತಿದ್ದ ಒಂದು ಬಂಡೆಗುಡ್ಡವನ್ನು ಚರ್ಚಿಗಾಗಿ ಮೀಸಲಿಡಲಾಗಿತ್ತು. ಹೀಗೆ ದೇವಾಲಯವಿಲ್ಲದ ದೇವಾಲಯದ ಚೌಕವಾಗಿ ಆ ಜಾಗ ದಶಕಗಳ ಕಾಲ ಉಳಿಯಿತು. 1930ರ ದಶಕದಲ್ಲಿ ಎರಡು ಬಾರಿ ವಿನ್ಯಾಸ ಸ್ಪರ್ಧೆಗಳು ನಡೆದವು. ಫಿನ್ಲೆಂಡಿನ ಸಂಸತ್ ಭವನವನ್ನು ರೂಪಿಸಿದ ಯೋಹಾನ್ ಸಿಗ್‌ಫ್ರಿಡ್ ಸಿರೇನ್ ಅವರ ಯೋಜನೆ ಆಯ್ಕೆಯಾಯಿತಾದರೂ, 1939ರಲ್ಲಿ ಯುದ್ಧ ಆರಂಭವಾದುದರಿಂದ ಕೆಲಸ ನಿಂತುಹೋಯಿತು. ಯುದ್ಧಾನಂತರ 1961ರಲ್ಲಿ ಮತ್ತೊಂದು ಸ್ಪರ್ಧೆ ನಡೆದು, ಟಿಮೊ ಸುವೊಮಲೈನೆನ್ ಮತ್ತು ಟುವೊಮೊ ಸುವೊಮಲೈನೆನ್ ಎಂಬ ಸೋದರರ ವಿನ್ಯಾಸ ಬಹುಮಾನ ಪಡೆಯಿತು.

ಈ ಸೋದರರ ಉತ್ತರ ಹಿಂದಿನವುಗಳಿಗಿಂತ ಭಿನ್ನವಾಗಿತ್ತು. ಬಂಡೆಯ ಮೇಲೆ ಚರ್ಚನ್ನು ನಿಲ್ಲಿಸಿದರೆ ನೆರೆಹೊರೆಯವರು ಬಳಸುತ್ತಿದ್ದ ಆ ತೆರೆದ ಜಾಗವೇ ಇಲ್ಲವಾಗುತ್ತದೆ. ಆದ್ದರಿಂದ ಅವರು ಚರ್ಚನ್ನು ಬಂಡೆಯ ಒಳಕ್ಕೆ ಇಳಿಸಿದರು. ಹೊರಗಿನಿಂದ ನೋಡುವವರಿಗೆ ತಗ್ಗಾದ ಒಂದು ಪ್ರವೇಶದ್ವಾರ, ಕಲ್ಲು ಪೇರಿಸಿದ ಒಂದು ಸುತ್ತುಗಟ್ಟೆ, ಅದರ ಮೇಲೆ ಸ್ವಲ್ಪವೇ ಕಾಣುವ ಗುಮ್ಮಟ ಇವಿಷ್ಟೇ ದೊರೆಯುತ್ತವೆ. ಬೀದಿಯ ತುದಿಯಲ್ಲಿ ಎತ್ತರದ ಗೋಪುರವನ್ನು ನಿರೀಕ್ಷಿಸುವ ಯೂರೋಪಿನ ಕಣ್ಣಿಗೆ ಇದೊಂದು ನಿರಾಕರಣೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಒಳಗಡೆ ದುಂಡನೆಯ ವಿಶಾಲ ಅಂಕಣವಿದೆ. ಅದರ ಮೇಲೆ 24 ಮೀಟರ್ ವ್ಯಾಸದ ತಾಮ್ರದ ಗುಮ್ಮಟ ನಿಂತಿದೆ. ಗುಮ್ಮಟದ ಒಳಮೈಗೆ ಹೊದಿಸಿದ ತಾಮ್ರದ ಪಟ್ಟಿಯ ಒಟ್ಟು ಉದ್ದ ಸುಮಾರು 22 ಕಿಲೋಮೀಟರ್. ಗುಮ್ಮಟಕ್ಕೂ ಬಂಡೆಗೋಡೆಗೂ ನಡುವೆ ಕಾಂಕ್ರೀಟಿನ ತೊಲೆಗಳು ಕಿರಣಗಳಂತೆ ಹರಡಿವೆ; ಅವುಗಳ ನಡುವಿನ 180 ಗಾಜಿನ ಕಿಂಡಿಗಳ ಮೂಲಕ ಬೆಳಕು ಇಳಿಯುತ್ತದೆ. 1968ರ ಆರಂಭದಲ್ಲಿ ಬಂಡೆ ಸಿಡಿಸುವ ಕೆಲಸ ಮೊದಲಾಗಿ, 1969ರ ಸೆಪ್ಟೆಂಬರಿನಲ್ಲಿ ಪ್ರತಿಷ್ಠಾಪನೆ ನೆರವೇರಿತು. ಹಣದ ಅಭಾವದಿಂದ ಒಳಾಂಗಣವನ್ನು ಮೂಲ ಯೋಜನೆಗಿಂತ ಸುಮಾರು ಕಾಲುಭಾಗದಷ್ಟು ಕಿರಿದುಗೊಳಿಸಲಾಯಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ಮಹಾಕೃತಿ ಎಂದು ಕರೆಯಲಾಗುವ ಈ ಕಟ್ಟಡದ ಅಳತೆಯನ್ನು ನಿರ್ಧರಿಸುವಲ್ಲಿ ಸಭೆಯ ಲೆಕ್ಕಪುಸ್ತಕಕ್ಕೂ ಪಾತ್ರವಿತ್ತು.

ಹೀಸಿಯ ಕಲ್ಲು, ಚರ್ಚಿನ ಕಲ್ಲು

ಫಿನ್ನಿಶ್ ಜನಪದ ಪರಂಪರೆಯಲ್ಲಿ ಬಂಡೆಗೂ ಚರ್ಚಿಗೂ ಇರುವ ಸಂಬಂಧ ಸ್ನೇಹದ್ದಲ್ಲ. ಹೀಸಿ ಎಂಬ ಪದ ಮೂಲತಃ ಪವಿತ್ರ ವನವನ್ನು, ಪೂಜೆಯ ನೆಲೆಯನ್ನು ಸೂಚಿಸುತ್ತಿತ್ತು. ಕ್ರೈಸ್ತಧರ್ಮ ನೆಲೆಗೊಂಡ ಮೇಲೆ ಅದೇ ಪದ ದೈತ್ಯನಿಗೆ, ಕೇಡಿನ ಶಕ್ತಿಗೆ, ಕೊನೆಗೆ ಬೈಗುಳಕ್ಕೆ ಇಳಿಯಿತು. ಹಿಮಯುಗದ ನೀರ್ಗಲ್ಲುಗಳು ಹೊತ್ತು ತಂದು ಬಯಲಿನಲ್ಲಿ ಬಿಟ್ಟುಹೋದ ಒಂಟಿ ಹೆಬ್ಬಂಡೆಗಳನ್ನು ಜನ ವಿವರಿಸಿದ್ದು ಒಂದು ಐತಿಹ್ಯದಿಂದ: ಹೊಸದಾಗಿ ಕಟ್ಟಿದ ಚರ್ಚನ್ನು ಸಹಿಸದ ದೈತ್ಯ ಅದನ್ನು ಕೆಡವಲೆಂದು ಎಸೆದ ಕಲ್ಲು ಗುರಿತಪ್ಪಿ ಇಲ್ಲಿ ಬಿದ್ದಿತು. ಚರ್ಚಿನ ಗಂಟೆಯ ಸದ್ದಿಗೆ ದೈತ್ಯರು ಊರು ಬಿಟ್ಟು ಓಡಿದರೆಂಬ ಆಶಯವೂ ಉತ್ತರ ಯೂರೋಪಿನ ಉದ್ದಗಲಕ್ಕೂ ಹಬ್ಬಿದೆ. ಒಂದು ಧರ್ಮ ಇನ್ನೊಂದರ ನೆಲದಲ್ಲಿ ಬೇರೂರಿದುದರ ನೆನಪು ಇಂತಹ ಕಥೆಗಳಲ್ಲಿ ಉಳಿದಿದೆ.

ಈ ಪರಂಪರೆಯ ಮೊದಲ ಲಿಖಿತ ದಾಖಲೆಯೊಂದನ್ನು ಒದಗಿಸಿದವರು ಒಬ್ಬ ಲೂಥರನ್ ಸುಧಾರಕರೇ ಎಂಬುದು ಗಮನಾರ್ಹ. ವಿಟೆನ್‌ಬರ್ಗಿನಲ್ಲಿ ಕಲಿತು ಬಂದ ಮಿಕಾಯೆಲ್ ಅಗ್ರಿಕೊಲ ಫಿನ್ನಿಶ್ ಭಾಷೆಗೆ ಮೊದಲ ಅಕ್ಷರಮಾಲೆಯ ಪುಸ್ತಕವನ್ನೂ 1548ರಲ್ಲಿ ಹೊಸ ಒಡಂಬಡಿಕೆಯ ಅನುವಾದವನ್ನೂ ಕೊಟ್ಟರು. 1551ರಲ್ಲಿ ಪ್ರಕಟಿಸಿದ ಕೀರ್ತನೆಗಳ ಪುಸ್ತಕದ ಮುನ್ನುಡಿಯಲ್ಲಿ ಅವರು ಜನ ಹಿಂದೆ ಪೂಜಿಸುತ್ತಿದ್ದ ದೇವತೆಗಳ ಪಟ್ಟಿಯೊಂದನ್ನು ನೀಡಿದರು. ಅದರಲ್ಲಿ ಹೀಸಿಯ ಹೆಸರೂ ಇದೆ. ಖಂಡಿಸಲೆಂದು ಬರೆದ ಪಟ್ಟಿ ಮುಂದಿನ ವಿದ್ವಾಂಸರಿಗೆ ಫಿನ್ನಿಶ್ ಪುರಾಣದ ಆಕರವಾಯಿತು. ಪಾಡ್ದನಗಳನ್ನೂ ದೈವಗಳ ವಿವರಗಳನ್ನೂ ಮೊದಲಿಗೆ ಕೂಡಿಹಾಕಿದ ಮಿಷನರಿಗಳ ಕೆಲಸವನ್ನು ಬಲ್ಲ ಕರ್ನಾಟಕದ ಓದುಗರಿಗೆ ಈ ವಿಪರ್ಯಾಸ ಹೊಸದೆನಿಸದು.

ಇಷ್ಟರಿಂದ ತೆಂಪೆಲಿಯೌಕಿಯೊ ಚರ್ಚು ಪ್ರಾಚೀನ ಶಿಲಾಪೂಜೆಯ ಮರುಹುಟ್ಟು ಎಂಬ ತೀರ್ಮಾನಕ್ಕೆ ಜಿಗಿಯುವುದು ಸಲ್ಲದು. ಜಾನಪದ ವಿಮರ್ಶೆ ಅನೇಕ ಸಲ ಈ ಬಗೆಯ ಅವಶೇಷವಾದಕ್ಕೆ ಬಲಿಯಾಗಿದೆ. ಕಟ್ಟಡದ ಸಾಕ್ಷ್ಯವೇ ಇದಕ್ಕೆ ವಿರುದ್ಧವಾಗಿದೆ. ಗೋಡೆಯನ್ನು ಹತ್ತಿರದಿಂದ ನೋಡಿದರೆ ಕಾಣುವುದು ಅಸ್ಪೃಷ್ಟ ಪ್ರಕೃತಿಯಲ್ಲ. ಕೊರೆಯುವ ಯಂತ್ರದ ಗೆರೆಗಳು ಅಲ್ಲಿ ಸ್ಪಷ್ಟವಾಗಿ ಉಳಿದಿವೆ. ಬಂಡೆಯ ಮೇಲ್ಭಾಗದ ಗೋಡೆ ಸಿಡಿಸಿ ತೆಗೆದ ಕಲ್ಲುಗಳನ್ನೇ ಪೇರಿಸಿ ಕಟ್ಟಿದುದು. ಬಲಿಪೀಠದ ಹಿಂದೆ ಚಿತ್ರಪಟವಿರಬೇಕಾದ ಜಾಗದಲ್ಲಿ ಹಿಮಯುಗದ ಬಿರುಕೊಂದನ್ನು ಬಿಟ್ಟಿರುವುದು ನಿಜ. ಆದರೆ ಹಾಗೆ ಬಿಡುವುದು ಸಹ ಒಂದು ಆಯ್ಕೆ. ಇದು ಗುಹೆಯಲ್ಲ, ಕಲ್ಲುಗಣಿ. ಮನುಷ್ಯರ ದುಡಿಮೆಯ ಗುರುತನ್ನು ಅಳಿಸದೆ ಉಳಿಸಿಕೊಂಡಿರುವುದು ಈ ಗೋಡೆಯ ನಿಜವಾದ ಗುಣ. ಪ್ರಕೃತಿಯ ಹೆಸರಿನಲ್ಲಿ ಅದನ್ನು ಹೊಗಳುವವರು ಆ ದುಡಿಮೆಯನ್ನು ಕಾಣದಂತೆ ಮಾಡುತ್ತಾರೆ.

ಹೆಚ್ಚು ಉಪಯುಕ್ತವಾದ ಇನ್ನೊಂದು ಸೂಚನೆ ಭಾಷೆಯಲ್ಲಿದೆ. ಫಿನ್ನಿಶ್‌ನಲ್ಲಿ ಪವಿತ್ರ ಎಂಬುದಕ್ಕೆ ಇರುವ ಪದ ಪ್ಯುಹ್ಯಾ. ಧರ್ಮಶಾಸ್ತ್ರಗಳ ತೌಲನಿಕ ಅಧ್ಯಯನ ನಡೆಸಿದ ವೇಯ್ಕೊ ಅಂತೊನೆನ್ ಈ ಪದ ಸ್ಥಳನಾಮಗಳಲ್ಲಿ ಗಡಿಯನ್ನು, ಬೇರ್ಪಡಿಸಿದ ಜಾಗವನ್ನು ಸೂಚಿಸುತ್ತಿತ್ತೆಂದು ತೋರಿಸಿದ್ದಾರೆ. ತೆಂಪೆಲಿಯೌಕಿಯೊದಲ್ಲಿ ಗಡಿ ವಿಚಿತ್ರ ರೀತಿಯಲ್ಲಿದೆ. ಅದು ಎತ್ತರಕ್ಕೆ ಏರುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಬಂಡೆಯ ಮೇಲ್ಭಾಗ ಇಂದಿಗೂ ಎಲ್ಲರಿಗೂ ತೆರೆದಿರುವುದರಿಂದ ಒಳಗೆ ಪ್ರಾರ್ಥನೆ ನಡೆಯುತ್ತಿರುವಾಗ ಮೇಲೆ ಯಾರಾದರೂ ಅಡ್ಡಾಡುತ್ತಿರಬಹುದು. ಲೌಕಿಕವನ್ನು ಹೊರಗಟ್ಟದೆ ಅದರ ಅಡಿಯಲ್ಲಿ ಜಾಗ ಮಾಡಿಕೊಂಡ ಪವಿತ್ರತೆ ಇದು. ಓಟನಿಯೆಮಿಯಲ್ಲಿ ಕಾಯ್ಯಾ ಮತ್ತು ಹೈಕ್ಕಿ ಸಿರೇನ್ ದಂಪತಿ 1957ರಲ್ಲಿ ನಿರ್ಮಿಸಿದ ಪುಟ್ಟ ಪ್ರಾರ್ಥನಾಲಯದೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಬಲಿಪೀಠದ ಹಿಂದಿನ ಗೋಡೆ ಪೂರ್ತಿ ಗಾಜಿನದು, ಶಿಲುಬೆ ನಿಂತಿರುವುದು ಹೊರಗೆ ಮರಗಳ ನಡುವೆ. ಅಲ್ಲಿ ಸಭೆ ಕಾಡನ್ನು ನೋಡುತ್ತದೆ, ಇಲ್ಲಿ ಸಭೆ ನೆಲದೊಳಗೆ ಕುಳಿತಿದೆ.

ಕಿವಿ ಕಟ್ಟಿದ ಗೋಡೆ

ಬಂಡೆಗೋಡೆಯನ್ನು ತೆರೆದಿಡುವ ವಿಚಾರ ಸ್ಪರ್ಧೆಗೆ ಕಳಿಸಿದ ಯೋಜನೆಯಲ್ಲಿ ಇರಲಿಲ್ಲ. ಅದು ಸೋದರರ ಮನಸ್ಸಿನಲ್ಲಿದ್ದರೂ ತೀರ್ಪುಗಾರರಿಗೆ ಅತಿರೇಕವೆನಿಸಬಹುದೆಂದು ಅವರು ಅದನ್ನು ಸೇರಿಸಿರಲಿಲ್ಲ. ಸಂಗೀತ ನಿರ್ದೇಶಕ ಪಾವೊ ಬೆರ್ಗ್ಲುಂಡ್ ಉತ್ತಮ ಸಂಗೀತ ಸಭಾಂಗಣಗಳ ಧ್ವನಿಗುಣದ ಬಗ್ಗೆ ತಮ್ಮ ತಿಳಿವಳಿಕೆಯನ್ನು ಹಂಚಿಕೊಂಡರು. ಧ್ವನಿತಜ್ಞ ಮೌರಿ ಪಾರ್ಯೊ ಗೋಡೆಯ ಮೇಲ್ಮೈ ಹೇಗಿರಬೇಕೆಂಬ ಅಗತ್ಯಗಳನ್ನು ನಿಗದಿಪಡಿಸಿದರು. ಒರಟು ಬಂಡೆಯನ್ನು ಹಾಗೆಯೇ ಬಿಟ್ಟರೆ ಆ ಅಗತ್ಯಗಳು ಈಡೇರುತ್ತವೆಂಬುದು ಆಗ ತಿಳಿಯಿತು. ಹೀಗೆ ಕಣ್ಣಿನ ಸೌಂದರ್ಯವೆಂದು ಜಗತ್ತು ಮೆಚ್ಚುವ ಗೋಡೆ ಉಳಿದುಕೊಂಡದ್ದು ಕಿವಿಯ ಒಪ್ಪಿಗೆಯಿಂದ.

ಈ ಸಂಗತಿ ಲೂಥರನ್ ಪರಂಪರೆಯ ಹಿನ್ನೆಲೆಯಲ್ಲಿ ವಿಶೇಷ ಅರ್ಥ ಪಡೆಯುತ್ತದೆ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ ಏಳನೆಯ ವಿಧಿಯು ಚರ್ಚನ್ನು ವಿಶ್ವಾಸಿಗಳ ಸಭೆ ಎಂದೇ ನಿರೂಪಿಸುತ್ತದೆ. ಸುವಾರ್ತೆಯ ಶುದ್ಧ ಬೋಧನೆ ಮತ್ತು ಸಂಸ್ಕಾರಗಳ ಸರಿಯಾದ ಆಚರಣೆ ಅದರ ಲಕ್ಷಣಗಳು. ಆ ನಿರೂಪಣೆಯಲ್ಲಿ ಕಟ್ಟಡದ ಮಾತೇ ಇಲ್ಲ. ಫಿನ್ನಿಶ್ ಭಾಷೆ ಈ ಭೇದವನ್ನು ಎರಡು ಪದಗಳಲ್ಲಿ ಕಾಪಾಡಿಕೊಂಡಿದೆ: ಕಟ್ಟಡಕ್ಕೆ ಕಿರ್ಕ್ಕೊ, ಜನರಿಗೆ ಸೆಉರಕುಂತ. ಕನ್ನಡದ ಬೈಬಲ್ ಅನುವಾದವೂ ಪ್ರೊಟೆಸ್ಟಂಟ್ ಸಮುದಾಯವೂ ಜನರನ್ನು ಕುರಿತು ಸಭೆ ಎಂಬ ಪದವನ್ನೇ ಬಳಸುತ್ತ ಬಂದಿರುವುದು ಇದೇ ತಿಳಿವಳಿಕೆಯಿಂದ. ಕೇಳುವುದು ಮತ್ತು ಹಾಡುವುದು ಈ ಸಭೆಯ ಮುಖ್ಯ ಕ್ರಿಯೆಗಳು. ಯಾಕ್ಕೊ ಫಿನ್ನೊ ಅವರು 1583ರಲ್ಲಿ ಹೊರತಂದ ಮೊದಲ ಫಿನ್ನಿಶ್ ಕೀರ್ತನ ಸಂಗ್ರಹದಿಂದ ಮೊದಲಾಗಿ, ಜನರ ಕೈಗೂ ಕಂಠಕ್ಕೂ ದಕ್ಕಿದ ಪುಸ್ತಕ ಆ ನಾಡಿನಲ್ಲಿ ಕೀರ್ತನೆಯ ಪುಸ್ತಕವೇ. ಧ್ವನಿಗಾಗಿ ರೂಪುಗೊಂಡ ಗೋಡೆ ಈ ಪರಂಪರೆಗೆ ನಿಷ್ಠವಾಗಿದೆ. ವೇಯ್ಕೊ ವಿರ್ತನೆನ್ ನಿರ್ಮಿಸಿದ 3,001 ಕೊಳವೆಗಳ ಆರ್ಗನ್ನು ಅದೇ ಗೋಡೆಯ ಮುಂದೆ ನಿಂತಿದೆ.

ಇನ್ನೊಂದು ವಿವರ ಜಾನಪದ ಅಧ್ಯಯನಕ್ಕೆ ಬಹಳ ಮುಖ್ಯವಾದುದು. ಈ ಚರ್ಚಿಗೆ ಗಂಟೆಗೋಪುರವೂ ಇಲ್ಲ, ಗಂಟೆಯೂ ಇಲ್ಲ. ತನೇಲಿ ಕೂಸಿಸ್ತೊ ಸಂಯೋಜಿಸಿದ ಗಂಟೆಯ ನಾದದ ಧ್ವನಿಮುದ್ರಣವನ್ನು ಹೊರಗೋಡೆಯ ಧ್ವನಿವರ್ಧಕಗಳಿಂದ ಕೇಳಿಸಲಾಗುತ್ತದೆ. ಐತಿಹ್ಯದಲ್ಲಿ ಬಂಡೆಯ ದೈತ್ಯನನ್ನು ಓಡಿಸಿದ ಗಂಟೆ ಇಲ್ಲಿ ಬಂಡೆಯ ಮೈಯಿಂದಲೇ ಮುದ್ರಿತ ನಾದವಾಗಿ ಹೊಮ್ಮುತ್ತದೆ. ಇದನ್ನು ಕೃತಕವೆಂದು ತಳ್ಳಿಹಾಕುವ ಅಗತ್ಯವಿಲ್ಲ. ಕರೆಯುವುದು ಗಂಟೆಯ ಕೆಲಸ. ಆ ಕೆಲಸ ನಡೆದಿದೆ. ಮಾಧ್ಯಮ ಬದಲಾದರೂ ಕಾರ್ಯ ಉಳಿಯುವುದನ್ನು ಜನಪದ ಪರಂಪರೆಗಳಲ್ಲಿ ಎಲ್ಲೆಲ್ಲೂ ಕಾಣಬಹುದು.

ಅಡ್ಡಹೆಸರು ಮತ್ತು ಗೋಡೆಬರಹ

ವಿನ್ಯಾಸ ಪ್ರಕಟವಾದಾಗ ಎಲ್ಲರೂ ಮೆಚ್ಚಲಿಲ್ಲ. ಸೈತಾನನನ್ನು ತಡೆಯಲು ಕಟ್ಟಿದ ಲಕ್ಷಾಂತರ ಮಾರ್ಕುಗಳ ಬಂಕರ್ ಎಂಬರ್ಥದ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು. ವ್ಯಂಗ್ಯದ ಅಡ್ಡಹೆಸರು ಜನಪದ ವಿಮರ್ಶೆಯ ಅತಿ ಚಿಕ್ಕ ಪ್ರಕಾರ. ಈ ಹೆಸರಿನೊಳಗೆ ಮೂರು ಆಪಾದನೆಗಳು ಅಡಕವಾಗಿವೆ. ಇದು ದುಬಾರಿ, ಇದು ಚರ್ಚಿನಂತಿಲ್ಲ, ಇದು ಯುದ್ಧದ ನೆನಪು ತರುತ್ತದೆ. 1939ರಿಂದ 1944ರವರೆಗೆ ಬಾಂಬು ದಾಳಿಗಳನ್ನು ಕಂಡ ನಗರದಲ್ಲಿ ನೆಲದೊಳಗಿನ ಆಶ್ರಯವೆಂದರೆ ಕೇವಲ ವಾಸ್ತು ಪ್ರಯೋಗವಾಗಿರಲಿಲ್ಲ. ಸೈತಾನನ ಉಲ್ಲೇಖವೂ ಆಕಸ್ಮಿಕವಲ್ಲ. ಬಂಡೆ ಸೈತಾನನ ಕಡೆಯದು, ಚರ್ಚು ದೇವರ ಕಡೆಯದು ಎಂಬ ಹಳೆಯ ಐತಿಹ್ಯದ ಗಣಿತವನ್ನು ಹೊಸ ಕಟ್ಟಡ ತಲೆಕೆಳಗು ಮಾಡಿದಾಗ ನಗೆ ಹುಟ್ಟುವುದು ಸಹಜ.

ಇನ್ನೂ ತೀವ್ರವಾದುದು 1960ರ ದಶಕದ ಕೊನೆಯ ಪ್ರತಿಭಟನೆ. ನೈಜೀರಿಯಾದ ಅಂತರ್ಯುದ್ಧದಲ್ಲಿ ಬಿಯಾಫ್ರದ ಜನ ಹಸಿವಿನಿಂದ ಸಾಯುತ್ತಿದ್ದ ಕಾಲವದು. ನಿರ್ಮಾಣದ ಜಾಗದಲ್ಲಿ ಯುವ ಪ್ರತಿಭಟನಕಾರರು ಬಿಯಾಫ್ರ ಎಂಬ ಒಂದೇ ಪದವನ್ನು ಗೋಡೆಯ ಮೇಲೆ ಬರೆದರು. ಕಲ್ಲಿಗೆ ಸುರಿಯುವ ಹಣ ಹಸಿದವರಿಗೆ ಸಲ್ಲಬೇಕಲ್ಲವೇ ಎಂಬುದು ಅದರ ಪ್ರಶ್ನೆ. ಇದನ್ನು ಧರ್ಮವಿರೋಧಿ ಕೃತ್ಯವೆಂದು ಓದುವುದು ತಪ್ಪಾದೀತು. ಭವ್ಯ ಚರ್ಚುಗಳಿಗಾಗಿ ಹಣ ಸಂಗ್ರಹಿಸುವುದಕ್ಕಿಂತ ಬಡವನಿಗೆ ಕೊಡುವುದು ಮೇಲು ಎಂಬ ವಾದ ಲೂಥರ್ 1517ರಲ್ಲಿ ಎತ್ತಿದ ವಿವಾದದ ಕೇಂದ್ರದಲ್ಲಿಯೇ ಇತ್ತು. ರೋಮಿನ ಸಂತ ಪೀಟರರ ಮಹಾಮಂದಿರದ ನಿರ್ಮಾಣಕ್ಕೆ ಹಣ ಕೂಡಿಸಿದ ಬಗೆಯೇ ಆ ವಿವಾದಕ್ಕೆ ಕಾರಣವಾಗಿತ್ತಷ್ಟೆ. ಆದ್ದರಿಂದ ಬಿಯಾಫ್ರ ಎಂಬ ಗೋಡೆಬರಹ ಲೂಥರನ್ ಪರಂಪರೆಯ ಒಳಗಿನಿಂದಲೇ ಎದ್ದ ಪ್ರಶ್ನೆಯಂತಿದೆ. ಕಟ್ಟಡ ಅದಕ್ಕೆ ಪೂರ್ಣ ಉತ್ತರ ಕೊಟ್ಟಿತೆಂದು ಹೇಳಲಾಗದು. ಅದು ಸುಂದರವಾಗಿದೆ ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ.

ಎರಡನೆಯ ಬದುಕು

ಇಂದು ಈ ಚರ್ಚು ಹೆಲ್ಸಿಂಕಿಯಲ್ಲಿ ಅತಿ ಹೆಚ್ಚು ಜನ ನೋಡುವ ಸ್ಥಳಗಳಲ್ಲಿ ಒಂದು. ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗಳು ಬರುತ್ತಾರೆ, ನೋಡಲು ಬರುವವರಿಂದ ಪ್ರವೇಶ ಶುಲ್ಕ ಪಡೆಯಲಾಗುತ್ತದೆ, ಸಂಗೀತ ಕಚೇರಿಗಳು ನಡೆಯುತ್ತವೆ. ಅವರಲ್ಲಿ ಪ್ರಚಲಿತವಾದ ಹೆಸರು ಬಂಡೆಯ ಚರ್ಚು ಎಂಬುದು. ಇದೇ ಅವಧಿಯಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. 1950ರ ಸುಮಾರಿಗೆ ಫಿನ್ಲೆಂಡಿನ ಜನಸಂಖ್ಯೆಯಲ್ಲಿ ಶೇಕಡಾ 95ರಷ್ಟು ಮಂದಿ ಲೂಥರನ್ ಚರ್ಚಿನ ಸದಸ್ಯರಾಗಿದ್ದರು. 2023ರ ಕೊನೆಗೆ ಆ ಪ್ರಮಾಣ ಶೇಕಡಾ 65ಕ್ಕಿಂತ ಕೆಳಗಿಳಿದಿತ್ತು. ಸದಸ್ಯರು ಕೊಡುವ ಚರ್ಚು ತೆರಿಗೆಯೇ ಸಭೆಗಳ ಮುಖ್ಯ ಆದಾಯವಾಗಿರುವ ನಾಡಿನಲ್ಲಿ ಇದು ಬರಿಯ ಅಂಕಿಯಲ್ಲ. ಸಭೆ ಕುಗ್ಗುತ್ತಿರುವಾಗ ಕಟ್ಟಡದ ಕೀರ್ತಿ ಹಿಗ್ಗುತ್ತಿದೆ.

ಹೊಂಕೊ ಅವರ ಪರಿಭಾಷೆಯಲ್ಲಿ ಹೇಳುವುದಾದರೆ ಕಟ್ಟಡದ ಎರಡನೆಯ ಬದುಕು ಮೊದಲನೆಯದನ್ನು ಮೀರಿ ಬೆಳೆದಿದೆ. ಎರಡನೆಯ ಬದುಕನ್ನು ಹುಸಿಯೆಂದು ಹೀಗಳೆಯುವ ವಿದ್ವಾಂಸರ ಧೋರಣೆಯನ್ನು ಹೊಂಕೊ ಒಪ್ಪಿರಲಿಲ್ಲ. ಅದೂ ಅಧ್ಯಯನಯೋಗ್ಯವಾದ ನಿಜವಾದ ಬಳಕೆಯೆಂಬುದು ಅವರ ನಿಲುವು. ಆ ನಿಲುವು ಇಲ್ಲಿಯೂ ಸರಿಯಾದುದು. ನೋಡಲು ಬಂದವರು ಮೌನವಾಗಿ ಕೂರುವುದುಂಟು, ಅವರು ತೆತ್ತ ಹಣ ಕಟ್ಟಡಕ್ಕೆ ಆಸರೆಯಾಗುವುದುಂಟು. ಆಕ್ಷೇಪವಿರುವುದು ಎರಡನೆಯ ಬದುಕಿನ ಆಯ್ಕೆಯ ಬಗ್ಗೆ. ಅದು ತನಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಅಂಚಿಗೆ ಸರಿಸುತ್ತದೆ. ಬಂಡೆ ಉಳಿಯುತ್ತದೆ, ಕೊರೆದವರ ಗುರುತು ಮಸುಕಾಗುತ್ತದೆ. ತಾಮ್ರದ ಹೊಳಪು ಉಳಿಯುತ್ತದೆ, ಬಿಯಾಫ್ರ ಎಂಬ ಪದ ಅಡಿಟಿಪ್ಪಣಿಯಾಗುತ್ತದೆ. ಛಾಯಾಚಿತ್ರಗಳಲ್ಲಿ ಒಳಾಂಗಣ ಹೆಚ್ಚಾಗಿ ಖಾಲಿಯಾಗಿಯೇ ಕಾಣಿಸಿಕೊಳ್ಳುತ್ತದೆ. ಸಭೆಯಿಲ್ಲದ ಕಟ್ಟಡವೇ ಅದರ ಆದರ್ಶ ರೂಪವೆಂಬಂತೆ ವಾಸ್ತುಶಿಲ್ಪದ ಗ್ರಂಥಗಳೂ ಪ್ರವಾಸಿ ಪುಸ್ತಿಕೆಗಳೂ ಒಟ್ಟಿಗೆ ವರ್ತಿಸುತ್ತವೆ.

ಇದರ ವಿರುದ್ಧ ಇಡಬಹುದಾದ ಒಂದು ಪಾಠ ಕರಾವಳಿಯ ಸಿರಿ ಪರಂಪರೆಯಲ್ಲಿದೆ. ಜಾತ್ರೆಯ ರಾತ್ರಿಯಲ್ಲಿ ಸಿರಿಯ ಬಳಗದ ಹೆಂಗಸರು ಸೇರಿ ಹಾಡಿದಾಗ ಆಲಡೆ ತನ್ನ ಪೂರ್ಣ ಅರ್ಥವನ್ನು ಪಡೆಯುತ್ತದೆ. ಉಳಿದ ದಿನಗಳಲ್ಲಿ ಅದನ್ನು ಅಳೆದು ನಕ್ಷೆ ಬರೆದವನಿಗೆ ಕಟ್ಟಡ ಸಿಗುತ್ತದೆ, ಆಲಡೆ ಸಿಗುವುದಿಲ್ಲ. ಈ ಎರಡು ಪರಂಪರೆಗಳ ನಂಬಿಕೆ, ವಿಧಿ, ಇತಿಹಾಸಗಳಲ್ಲಿ ಹೋಲಿಕೆಯಿಲ್ಲ. ಆದರೆ ಸ್ಥಳವನ್ನು ಪ್ರದರ್ಶನದಿಂದ ಬೇರ್ಪಡಿಸಿ ಅರ್ಥ ಮಾಡಿಕೊಳ್ಳಲಾಗದು ಎಂಬ ವಿಧಾನದ ಪಾಠ ಎರಡಕ್ಕೂ ಸಲ್ಲುತ್ತದೆ. ಪಠ್ಯವನ್ನು ಹಾಡುಗಾರನಿಂದ ಕಿತ್ತು ತೆಗೆಯಬಾರದೆಂದು ಸಿರಿ ಕಾವ್ಯದ ದಾಖಲಾತಿ ತೋರಿಸಿಕೊಟ್ಟಿತು. ಕಟ್ಟಡವನ್ನು ಸಭೆಯಿಂದ ಕಿತ್ತು ತೆಗೆಯಬಾರದೆಂಬುದು ಅದರ ಸಹಜ ವಿಸ್ತರಣೆ.

ತೆಂಪೆಲಿಯೌಕಿಯೊ ಚರ್ಚು ಶ್ರೇಷ್ಠ ಕಟ್ಟಡವೆಂಬುದರಲ್ಲಿ ಸಂದೇಹವಿಲ್ಲ. ಅದರ ಶ್ರೇಷ್ಠತೆಗೆ ಕೊಡುವ ಕಾರಣಗಳನ್ನು ಮಾತ್ರ ತಿದ್ದಬೇಕಾಗಿದೆ. ನೆರೆಹೊರೆಯವರ ಬಯಲನ್ನು ಉಳಿಸಲು ಅದು ನೆಲಕ್ಕಿಳಿಯಿತು. ಹಾಡು ಚೆನ್ನಾಗಿ ಕೇಳಲೆಂದು ತನ್ನ ಗೋಡೆಯನ್ನು ಒರಟಾಗಿಯೇ ಬಿಟ್ಟಿತು. ತನ್ನ ಬೆಲೆಯ ಬಗ್ಗೆ ಎದ್ದ ಪ್ರಶ್ನೆಯನ್ನು ಹೊತ್ತುಕೊಂಡೇ ಬಾಗಿಲು ತೆರೆಯಿತು. ಈ ಮೂರೂ ಜನರಿಗೆ ಸಂಬಂಧಿಸಿದ ಸಂಗತಿಗಳು. ಆಧುನಿಕ ಆರಾಧನಾ ಕಟ್ಟಡಗಳನ್ನು ದಾಖಲಿಸುವವರು ನಕ್ಷೆ ಮತ್ತು ಛಾಯಾಚಿತ್ರಗಳ ಜೊತೆಗೆ ಅಡ್ಡಹೆಸರು, ಗೋಡೆಬರಹ, ಹಾಡುವ ಕ್ರಮ, ನೆರೆಯವರ ನೆನಪು ಇವನ್ನೂ ಸಮಾನ ಗೌರವದಿಂದ ಸಂಗ್ರಹಿಸಬೇಕು. ಕಲ್ಲು ಹೇಗೂ ಉಳಿಯುತ್ತದೆ. ಅದರ ಸುತ್ತ ಆಡಿದ ಮಾತು ಆಡಿದವರ ತಲೆಮಾರಿನೊಡನೆ ಹೊರಟುಹೋಗುತ್ತದೆ. ಆ ಮಾತಿಲ್ಲದೆ ಕಲ್ಲನ್ನು ಓದಲು ಮುಂದಿನ ಸಂಶೋಧಕರಿಗೆ ಬೇರೆ ದಾರಿಯಿರುವುದಿಲ್ಲ.